ಪುತಿನ ಪುಸ್ತಕ ಝೆರಾಕ್ಸ್ ಮಾಡಿಸಬಹುದೇ?

ಪ್ರಶ್ನೆ: ಪಾಂಡವಪುರದ ಗ್ರಂಥಾಲಯದಿಂದ ತಂದ ಕವಿ ಪುತಿನ ಅವರ ಪುಸ್ತಕವನ್ನು ಪೂರ್ತಿ ಝೆರಾಕ್ಸ್ ಮಾಡಿಸುವುದು ತಪ್ಪೇ?

ಉತ್ತರ: ಸ್ವಂತ ಓದಿಗೆ, ಸಂಶೋಧನೆಗೆ ಬೇಕಾದ ಕೆಲವು ಪುಟಗಳಾದರೆ ತಪ್ಪಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಇಷ್ಟೇ ಪುಟ ಎಂಬ ಲೆಕ್ಕ ಅದರಲ್ಲಿಲ್ಲ. ದಾರಿಹೋಕ ಒಂದು ಜಲ್ಲೆ ಕಬ್ಬು ಮುರಿದರೆ ರೈತ ಸುಮ್ಮನಿರುತ್ತಾನೆ, ಗಾಡಿ ತುಂಬಿದರೆ ಬಿಡುವುದಿಲ್ಲ. ಪುಸ್ತಕವಿಡೀ ನಕಲಾದರೆ ಮಾರಾಟಕ್ಕೇ ಕಲ್ಲು. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿವರೆಗೆ ತೆಗೆದಿಟ್ಟುಕೊಳ್ಳಬಹುದು.

ಕೃತಿಸ್ವಾಮ್ಯದ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. 1998ರಲ್ಲಿ ನಿಧನರಾದ ಮೇಲುಕೋಟೆಯ ಪುತಿನ ಕೃತಿಗಳಿಗೆ 2058ರ ಕೊನೆಯವರೆಗೂ ರಕ್ಷಣೆಯಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಕವಿ ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು.