ಅವರವರ ಕಾಲದ ಎದುರು ಅವರವರ ಎತ್ತರ

1927-28ರ ಋತುವಿನಲ್ಲಿ ಎವರ್ಟನ್ ಕ್ಲಬ್ಬಿನ ಡಿಕ್ಸಿ ಡೀನ್ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ 39 ಪಂದ್ಯ ಆಡಿ 60 ಗೋಲು ಹೊಡೆದರು. ಕೊನೆಯ ಪಂದ್ಯಕ್ಕೆ ಇಳಿಯುವಾಗ ಅವರ ಲೆಕ್ಕದಲ್ಲಿದ್ದದ್ದು 57. ಹಿಂದಿನ ವರ್ಷವಷ್ಟೇ ಎರಡನೇ ದರ್ಜೆಯಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ 59 ಹೊಡೆದಿದ್ದರು. ಆ ದಾಖಲೆ ಮುರಿಯಲು ಇನ್ನು ಮೂರು ಬೇಕು, ಎದುರಿಗಿದ್ದದ್ದು ಆರ್ಸೆನಲ್. 1928ರ ಮೇ 5ರಂದು ಗುಡಿಸನ್ ಪಾರ್ಕಿನಲ್ಲಿ ಎರಡು ಗೋಲು ಬಂದವು. ಮೂರನೆಯದಕ್ಕೆ ಆಟ ಮುಗಿಯಲು ಕೆಲವೇ ನಿಮಿಷ ಉಳಿಯುವವರೆಗೂ ಕಾಯಬೇಕಾಯಿತು. ಅಲೆಕ್ ಟ್ರೂಪ್ ಕಾರ್ನರ್‌ನಿಂದ ಎತ್ತಿ ಕೊಟ್ಟ ಚೆಂಡಿಗೆ ಡೀನ್ ತಲೆ ಕೊಟ್ಟು ಬಲೆಗೆ ಸೇರಿಸಿದರು. ಸುಮಾರು ನೂರು ವರ್ಷವಾದರೂ ಆ 60ನ್ನು ಯಾರೂ ಮುಟ್ಟಿಲ್ಲ. ನಮ್ಮ ಕಾಲದ ಹ್ಯಾರಿ ಕೇನ್ ಪ್ರೀಮಿಯರ್ ಲೀಗ್‌ನ ತಮ್ಮ ಅತ್ಯುತ್ತಮ ಋತುಗಳಲ್ಲಿ ಹೊಡೆದದ್ದು 30. ಹಾಗಾದರೆ ಡೀನ್ ಕೇನ್‌ಗಿಂತ ಇಮ್ಮಡಿ ದೊಡ್ಡ ಆಟಗಾರರೇ? ಹಳೆಯದನ್ನು ಮೆಚ್ಚುವವರು ಅನುಮಾನವೇ ಇಲ್ಲದೆ ಹೌದು ಎನ್ನುತ್ತಾರೆ. ಹೊಸಬರ ಅಭಿಮಾನಿಗಳು ಆ ಕಾಲದ ಆಟವೇ ಸಡಿಲವಾಗಿತ್ತೆಂದು ಡೀನ್‌ರನ್ನು ಪಕ್ಕಕ್ಕೆ ಸರಿಸುತ್ತಾರೆ. ಇಬ್ಬರದೂ ಒಂದೇ ತಪ್ಪು. ಅಂಕಿಯನ್ನು ಅದು ಹುಟ್ಟಿದ ಕಾಲದಿಂದ ಕಿತ್ತು ತಂದು ಇಬ್ಬರೂ ಜಗಳಕ್ಕೆ ಕೂತಿದ್ದಾರೆ. ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸಬಹುದು, ಹೋಲಿಸಲೂ ಬೇಕು. ಆದರೆ ಮೊದಲು ಒಬ್ಬೊಬ್ಬರನ್ನೂ ಅವರ ಕಾಲದ ಎದುರು ನಿಲ್ಲಿಸಿ ಅಳೆಯಬೇಕು. ಆ ಅಳತೆಗಳನ್ನು ಪಕ್ಕಪಕ್ಕ ಇಡುವ ಕೆಲಸ ಆಮೇಲಿನದು.

ಡೀನ್ ಅವರ ಕಾಲವನ್ನು ತಿಳಿಯಲು 1925ಕ್ಕೆ ಹೋಗಬೇಕು. ಅಲ್ಲಿಯವರೆಗಿನ ಆಫ್‌ಸೈಡ್ ನಿಯಮದಂತೆ, ಮುಂದೆ ನುಗ್ಗಿದ ಆಟಗಾರನಿಗೆ ಸಂಗಾತಿ ಚೆಂಡು ಕೊಡುವ ಹೊತ್ತಿಗೆ ಅವನಿಗೂ ಗೋಲು ಗೆರೆಗೂ ನಡುವೆ ಎದುರಾಳಿ ತಂಡದ ಕನಿಷ್ಠ ಮೂವರು ಇರಬೇಕಿತ್ತು. ಗೋಲ್‌ಕೀಪರನ್ನು ಬಿಟ್ಟರೆ ಇಬ್ಬರು. ಹಾಗಾಗಿ ಜಾಣ ಡಿಫೆಂಡರ್ ಒಬ್ಬ ಸರಿಯಾದ ಗಳಿಗೆಯಲ್ಲಿ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಾಳಿಯ ದಾಳಿ ಅಲ್ಲಿಗೇ ನಿಲ್ಲುತ್ತಿತ್ತು. ನ್ಯೂಕಾಸಲ್‌ನ ಬಿಲ್ ಮೆಕ್ರಾಕನ್ ಈ ತಂತ್ರದಿಂದಲೇ ಹೆಸರಾಗಿದ್ದರು. ಆಟ ನಡುಗೆರೆಯ ಸುತ್ತಲೇ ಸಿಕ್ಕಿಬೀಳತೊಡಗಿದಾಗ ಮೂವರ ಜಾಗದಲ್ಲಿ ಇಬ್ಬರು ಸಾಕೆಂದು ನಿಯಮ ಬದಲಾಯಿತು. ಫಲ ಕಾಣಲು ಒಂದು ಋತುವೂ ಬೇಕಾಗಲಿಲ್ಲ. 1924-25ರಲ್ಲಿ ಮೊದಲ ದರ್ಜೆಯ 462 ಪಂದ್ಯಗಳಲ್ಲಿ 1,192 ಗೋಲು ಬಂದಿದ್ದರೆ, ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703 ಬಂದವು. ಸರಾಸರಿ 2.58ರಿಂದ 3.69ಕ್ಕೆ ಜಿಗಿಯಿತು. ಡಿಫೆಂಡರ್‌ಗಳು ಹೊಸ ನಿಯಮಕ್ಕೆ ಒಗ್ಗಿಕೊಳ್ಳಲು ವರ್ಷಗಳೇ ಹಿಡಿದವು. ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ಎಳೆದು ಇಬ್ಬರು ಫುಲ್‌ಬ್ಯಾಕ್‌ಗಳ ನಡುವೆ ನಿಲ್ಲಿಸಿದ್ದು ಈ ಸಮಸ್ಯೆಗೆ ಸಿಕ್ಕ ಉತ್ತರ. ಆ ಉತ್ತರ ಎಲ್ಲ ಕ್ಲಬ್ಬುಗಳಿಗೂ ರೂಢಿಯಾಗುವ ಮುನ್ನವೇ ಕ್ಯಾಮ್ಸೆಲ್ ಅವರ 59, ಡೀನ್ ಅವರ 60 ಬಂದುಹೋಗಿದ್ದವು. ಲೀಗ್‌ನ ಅತಿದೊಡ್ಡ ಎರಡು ದಾಖಲೆಗಳು ಒಂದರ ಬೆನ್ನಿಗೆ ಒಂದು ಬಂದದ್ದು ಕಾಕತಾಳೀಯವಲ್ಲ.

ಈಗ ಅಳತೆಗೆ ಬರೋಣ. ಎವರ್ಟನ್‌ಗೆ ಡೀನ್ ಆಡಿದ್ದು 399 ಲೀಗ್ ಪಂದ್ಯ, ಹೊಡೆದದ್ದು 349 ಗೋಲು. ಅದರಲ್ಲಿ ಒಂದು ಋತು ಎರಡನೇ ದರ್ಜೆಯದು. ಪಂದ್ಯಕ್ಕೆ 0.87. ಕೇನ್ ಪ್ರೀಮಿಯರ್ ಲೀಗ್‌ನ 320 ಪಂದ್ಯಗಳಲ್ಲಿ 213, ಅಂದರೆ ಪಂದ್ಯಕ್ಕೆ 0.67. ಬರಿಗಣ್ಣಿಗೆ ಡೀನ್ ತುಂಬ ಮುಂದಿದ್ದಾರೆ. ಆದರೆ ಕೇನ್ ಆಡಿದ ವರ್ಷಗಳಲ್ಲಿ ಪ್ರೀಮಿಯರ್ ಲೀಗ್‌ನ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಬರುತ್ತಿದ್ದ ಗೋಲು 2.6ರಿಂದ 2.9ರ ಒಳಗೆ. ಡೀನ್ ಅವರಿಗೆ 1925-26ರ ಸರಾಸರಿಯನ್ನೂ ಕೇನ್‌ಗೆ 2.75ನ್ನೂ ಅಳತೆಗೋಲಾಗಿ ಇಟ್ಟುಕೊಂಡರೆ, ತಮ್ಮ ಕಾಲದ ಒಂದು ಸಾಧಾರಣ ಪಂದ್ಯದ ಒಟ್ಟು ಗೋಲುಗಳ ಎದುರು ಡೀನ್ ಪಾಲು ಶೇ 23.6, ಕೇನ್ ಪಾಲು ಶೇ 24ಕ್ಕೆ ತುಸು ಮೇಲೆ. ಅಷ್ಟು ದೊಡ್ಡದಾಗಿ ಕಂಡ ಅಂತರ ಇಲ್ಲವೇ ಆಯಿತು! ಕೇನ್ ಅವರ ಗೋಲುಗಳಲ್ಲಿ ಪೆನಾಲ್ಟಿಗಳೂ ಸಾಕಷ್ಟಿವೆ, ಹಾಗಾಗಿ ಈ ಲೆಕ್ಕ ಚಿನ್ನ ತೂಗುವಷ್ಟು ನಿಖರವಲ್ಲ. ಆದರೂ ಒಂದು ಮಾತನ್ನು ಅದು ಖಚಿತವಾಗಿ ಹೇಳುತ್ತದೆ. 60 ಮತ್ತು 30ರ ನಡುವಿನ ಕಂದರವನ್ನು ತೋಡಿದ್ದರಲ್ಲಿ ಇಬ್ಬರು ಆಟಗಾರರ ಪ್ರತಿಭೆಗಿಂತ ಎರಡು ಕಾಲಗಳ ಆಟದ ಪಾಲೇ ದೊಡ್ಡದು.

ಇವರಿಬ್ಬರ ನಡುವೆ ಜಿಮ್ಮಿ ಗ್ರೀವ್ಸ್ ಇದ್ದಾರೆ. ಮೊದಲ ದರ್ಜೆಯಲ್ಲಿ 516 ಪಂದ್ಯ, 357 ಗೋಲು, ಪಂದ್ಯಕ್ಕೆ 0.69. ಇಂಗ್ಲೆಂಡಿನ ಉನ್ನತ ದರ್ಜೆಯಲ್ಲಿ ಅಷ್ಟು ಗೋಲು ಬೇರಾರೂ ಹೊಡೆದಿಲ್ಲ. ಅವರ ಕಾಲದ ಪಂದ್ಯವೊಂದರ ಸರಾಸರಿ ಮೂರನ್ನು ಸ್ವಲ್ಪ ಮೀರಿತ್ತು. ಆ ಪ್ರಕಾರ ಗ್ರೀವ್ಸ್ ಪಾಲು ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಮೇಲಿನ ಇಬ್ಬರಿಗಿಂತ ಕಡಿಮೆ. ಇಲ್ಲಿಗೇ ನಿಲ್ಲಿಸಿದರೆ ಗ್ರೀವ್ಸ್‌ಗೆ ಅನ್ಯಾಯವಾಗುತ್ತದೆ, ಏಕೆಂದರೆ ಅವರು ಆಡುತ್ತಿದ್ದಾಗಲೇ ಕಾಲ ಮಗ್ಗುಲು ಬದಲಿಸಿತು. 1960-61ರಲ್ಲಿ ಚೆಲ್ಸಿ ಪರವಾಗಿ 40 ಪಂದ್ಯಗಳಲ್ಲಿ 41 ಗೋಲು ಹೊಡೆದು ಅವರು ಲೀಗ್‌ಗೆ ಮೊದಲಿಗರಾದರು. ಆಗ ಗೋಲು ಧಾರಾಳವಾಗಿ ಬರುತ್ತಿತ್ತು. 1966ರ ವಿಶ್ವಕಪ್ ಕಳೆದ ಮೇಲೆ ತಂಡಗಳು ರಕ್ಷಣೆಗೆ ಒತ್ತು ಕೊಟ್ಟವು, ಗೋಲು ಇಳಿಮುಖವಾಯಿತು. ಆ ಬರಗಾಲದಲ್ಲೂ, 1968-69ರಲ್ಲಿ ಟಾಟೆನ್‌ಹ್ಯಾಮ್ ಪರವಾಗಿ 27 ಗೋಲು ಹೊಡೆದು ಗ್ರೀವ್ಸ್ ಮತ್ತೆ ಮೊದಲಿಗರಾದರು. ಒಟ್ಟು ಆರು ಋತುಗಳಲ್ಲಿ ಅವರಿಗೆ ಅಗ್ರಸ್ಥಾನ, ಒಮ್ಮೆ ಮಾತ್ರ ಇನ್ನೊಬ್ಬರೊಡನೆ ಹಂಚಿಕೊಂಡದ್ದು. 27 ಚಿಕ್ಕ ಅಂಕಿ, 41 ದೊಡ್ಡದು. ಆದರೆ ಸಮಕಾಲೀನರ ನಡುವೆ ಅವರ ಸ್ಥಾನ ಎರಡೂ ಸಲ ಒಂದೇ. ಬ್ರಾಡ್ಮನ್‌ರ 99.94 ದೊಡ್ಡದೆನಿಸುವುದು ನೂರಕ್ಕೆ ಹತ್ತಿರವಿದೆ ಎಂಬ ಕಾರಣಕ್ಕಲ್ಲ, ಅವರ ನಂತರದ ಶ್ರೇಷ್ಠ ಬ್ಯಾಟರ್‌ಗಳ ಸರಾಸರಿ ಅರವತ್ತರ ಆಸುಪಾಸಿನಲ್ಲಿದೆ ಎಂಬ ಕಾರಣಕ್ಕೆ ಎಂಬುದನ್ನು ನಮ್ಮ ಕ್ರಿಕೆಟ್ ಪ್ರಿಯರು ಬಲ್ಲರು. ಫುಟ್‌ಬಾಲಿಗೂ ಅದೇ ನ್ಯಾಯ ಸಲ್ಲಬೇಕು.

ಈ ಅಳತೆಗೆ ಮೊದಲ ಆಕ್ಷೇಪ ದೇಹಬಲದ್ದು. ಇಂದಿನ ಸಾಧಾರಣ ಆಟಗಾರನ ಓಟ, ದಮ್ಮು, ತರಬೇತಿಯ ಎದುರು 1950ರ ತಾರೆ ಹತ್ತು ನಿಮಿಷವೂ ನಿಲ್ಲಲಾರ ಎನ್ನುತ್ತಾರೆ. ಅವನನ್ನು ಇದ್ದ ಹಾಗೇ ಎತ್ತಿ ತಂದು ಇಂದಿನ ಮೈದಾನದಲ್ಲಿ ಇಳಿಸಿದರೆ ಅದು ನಿಜವಿರಬಹುದು. ಆದರೆ ಆಗ ನಾವು ಅಳೆಯುವುದು ಆಟಗಾರನನ್ನಲ್ಲ, ಅವನು ಹುಟ್ಟಿದ ವರ್ಷವನ್ನು. ಆಹಾರತಜ್ಞರು, ಶಸ್ತ್ರಚಿಕಿತ್ಸೆ, ಹಸಿರು ಹಾಸಿನಂಥ ಮೈದಾನ ಇವೆಲ್ಲ ಇಂದಿನವರು ಗಳಿಸಿದ್ದಲ್ಲ, ಅವರಿಗೆ ದೊರೆತದ್ದು. ಅಂದಿನವರಿಗೆ ದೊರೆತದ್ದು ಕೆಸರು, ಮಳೆನೀರು ಹೀರಿ ಭಾರವಾಗುವ ಚರ್ಮದ ಚೆಂಡು, ಮತ್ತು 1961ರವರೆಗೂ ವಾರಕ್ಕೆ 20 ಪೌಂಡು ಮೀರದ ಸಂಬಳ. 1965ರವರೆಗೆ ಲೀಗ್‌ನಲ್ಲಿ ಬದಲಿ ಆಟಗಾರನಿಗೆ ಅವಕಾಶವೇ ಇರಲಿಲ್ಲ. ಗಾಯಗೊಂಡವನು ಕುಂಟುತ್ತಲೇ ಆಡಬೇಕು, ಇಲ್ಲವೇ ತಂಡ ಹತ್ತು ಮಂದಿಯಲ್ಲಿ ನಡೆಸಬೇಕು. ಇದೇ ಅಡೆತಡೆಗಳ ನಡುವೆ ಸ್ಟ್ಯಾನ್ಲಿ ಮ್ಯಾಥ್ಯೂಸ್ 1956ರಲ್ಲಿ, 41ರ ವಯಸ್ಸಿನಲ್ಲಿ, ಮೊತ್ತಮೊದಲ ಬಾಲನ್ ಡಿ’ಓರ್ ಪಡೆದರು. 1965ರ ಫೆಬ್ರುವರಿಯಲ್ಲಿ, 50 ತುಂಬಿ ಐದು ದಿನಕ್ಕೆ, ಸ್ಟೋಕ್ ಪರವಾಗಿ ಕೊನೆಯ ಲೀಗ್ ಪಂದ್ಯ ಆಡಿದರು. ಅವರ ಆಟದ ಬದುಕಿನಲ್ಲಿ ಎರಡನೇ ಮಹಾಯುದ್ಧ ಆರೇಳು ವರ್ಷ ನುಂಗಿತ್ತು. ಆ ದೇಹಶಿಸ್ತಿಗೆ ಇಂದಿನ ವಿಜ್ಞಾನವೂ ಜೊತೆಯಾಗಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು, ಅವರು ಇಂದು ಆಡಬಲ್ಲರೇ ಎಂದು ಕೇಳುವುದಕ್ಕಿಂತ ನ್ಯಾಯವಾದ ಪ್ರಶ್ನೆ.

ಹಾಗೆಂದು ಹಳೆಯ ಕಥೆಗಳನ್ನು ತನಿಖೆಯಿಲ್ಲದೆ ಒಪ್ಪಬೇಕಿಲ್ಲ. 1953ರ ಎಫ್.ಎ. ಕಪ್ ಫೈನಲ್ ಇಂಗ್ಲೆಂಡಿನಲ್ಲಿ ಇಂದಿಗೂ ‘ಮ್ಯಾಥ್ಯೂಸ್ ಫೈನಲ್’. ಬೋಲ್ಟನ್ ಎದುರು 1-3ರಿಂದ ಹಿಂದಿದ್ದ ಬ್ಲ್ಯಾಕ್‌ಪೂಲ್ ಕೊನೆಯ ಹೊತ್ತಿನಲ್ಲಿ 4-3ರಿಂದ ಗೆದ್ದಿತು. ಬಲ ಅಂಚಿನಲ್ಲಿ ಮ್ಯಾಥ್ಯೂಸ್‌ರನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಹತ್ತಿರದಿಂದ ನೋಡಿದರೆ ಚಿತ್ರ ಸ್ವಲ್ಪ ಬೇರೆ. ಬೋಲ್ಟನ್‌ನ ಎಡ ಹಾಫ್ ಎರಿಕ್ ಬೆಲ್ ಮೊದಲರ್ಧದಲ್ಲೇ ತೊಡೆಯ ಸ್ನಾಯು ಎಳೆದುಕೊಂಡು ವಿಂಗ್‌ಗೆ ಸರಿದಿದ್ದರು. ಮ್ಯಾಥ್ಯೂಸ್‌ಗೆ ನೇರ ಎದುರಾಗಿದ್ದ ಎಡ ಬ್ಯಾಕ್ ರಾಲ್ಫ್ ಬ್ಯಾಂಕ್ಸ್ ಕಾಲಿನ ಸೆಳೆತದಿಂದ ಒದ್ದಾಡುತ್ತಿದ್ದರು. ಬದಲಿಗೆ ಯಾರನ್ನೂ ಇಳಿಸುವಂತಿರಲಿಲ್ಲ. ಹ್ಯಾಟ್ರಿಕ್ ಹೊಡೆದವರಂತೂ ಸ್ಟ್ಯಾನ್ ಮಾರ್ಟೆನ್‌ಸನ್. ಇದರಿಂದ ಮ್ಯಾಥ್ಯೂಸ್ ಚಿಕ್ಕವರಾಗುವುದಿಲ್ಲ, ಆದರೆ ಕಾಲ ಯಾರಿಗೆ ಕೈಕೊಟ್ಟಿತು, ಯಾರ ಕೈ ಹಿಡಿಯಿತು ಎಂಬ ಎರಡೂ ಲೆಕ್ಕ ಇಡಬೇಕಾಗುತ್ತದೆ. ಅದೇ ಪೀಳಿಗೆಯ ಟಾಮ್ ಫಿನ್ನಿಯವರನ್ನು ನೋಡಿ. ಇಂಗ್ಲೆಂಡ್ ಪರ 76 ಪಂದ್ಯಗಳಲ್ಲಿ 30 ಗೋಲು, ಎರಡು ಬಾರಿ ವರ್ಷದ ಆಟಗಾರ. ಬದುಕಿಗೆ ಆಧಾರವಾಗಿ ಕೊಳಾಯಿ ಕೆಲಸವನ್ನೂ ಮಾಡುತ್ತಿದ್ದರು. ಬಾಳೆಲ್ಲ ಪ್ರೆಸ್ಟನ್ ಕ್ಲಬ್ಬಿಗೇ ಆಡಿದ ಅವರಿಗೆ ಒಂದೂ ದೊಡ್ಡ ಕಪ್ ದಕ್ಕಲಿಲ್ಲ. ಕಪ್ಪುಗಳನ್ನು ಎಣಿಸಿ ಆಟಗಾರನ ಎತ್ತರ ಹೇಳುವವರಿಗೆ ಫಿನ್ನಿ ಒಬ್ಬರೇ ಸಾಕಾದ ಉತ್ತರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಮಕಾಲೀನರಿಗಿಂತ ಎಷ್ಟು ಮೇಲೆ ಎಂಬುದೇ ಅಳತೆಯಾದರೆ, ಸಮಕಾಲೀನರು ಯಾರು ಎಂಬುದೂ ಮುಖ್ಯವಲ್ಲವೇ? ಮುಖ್ಯವೇ. ಡೀನ್, ಗ್ರೀವ್ಸ್ ಸ್ಪರ್ಧಿಸಿದ್ದು ಬಹುತೇಕ ಬ್ರಿಟಿಷ್ ಮತ್ತು ಐರಿಷ್ ಆಟಗಾರರೊಡನೆ. 1999ರ ಡಿಸೆಂಬರ್ 26ರಂದು ಚೆಲ್ಸಿ ಒಬ್ಬನೇ ಒಬ್ಬ ಬ್ರಿಟಿಷ್ ಆಟಗಾರನಿಲ್ಲದ ಹನ್ನೊಂದು ಮಂದಿಯನ್ನು ಕಣಕ್ಕಿಳಿಸಿತು. ಆ ಹೊತ್ತಿಗೆ ಲೀಗ್ ಇಂಗ್ಲೆಂಡಿನಲ್ಲಿ ನಡೆಯುವ ಜಗತ್ತಿನ ಲೀಗ್ ಆಗುತ್ತಿತ್ತು. ಅಂಥ ಕಣದಲ್ಲಿ ಕೇನ್ ಮೂರು ಋತು ಅಗ್ರಸ್ಥಾನ ಪಡೆದದ್ದನ್ನು ಗ್ರೀವ್ಸ್‌ರ ಆರಕ್ಕೆ ಅರ್ಧವೆಂದು ಎಣಿಸಲಾಗದು. ಆಟ ಮಾಗಿದಂತೆಲ್ಲ ಸಾಮಾನ್ಯ ಆಟಗಾರನ ಮಟ್ಟ ಏರುತ್ತದೆ, ಶ್ರೇಷ್ಠನಿಗೂ ಸಾಮಾನ್ಯನಿಗೂ ಇರುವ ಅಂತರ ಕುಗ್ಗುತ್ತದೆ. ಹೀಗಾಗಿ ಇಂದಿನ ಸಣ್ಣ ಅಂತರ ಅಂದಿನ ದೊಡ್ಡ ಅಂತರಕ್ಕೆ ಸಮವಾಗಬಹುದು. ಕೇನ್ ಅವರ ಸಾಧನೆಗೆ ನ್ಯಾಯ ಸಿಗುವುದು ಇದನ್ನು ಒಪ್ಪಿಕೊಂಡಾಗಲೇ.

ಕಣದ ಅಗಲದ ಮಾತು ಬಂದಾಗ ಕಣದ ಹೊರಗೇ ಉಳಿದವರನ್ನು ಮರೆಯುವುದು ತಪ್ಪು. ಪ್ಲಿಮತ್ ಕ್ಲಬ್ಬಿನ ಜ್ಯಾಕ್ ಲೆಸ್ಲಿ 1925ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದ ಸುದ್ದಿ ಬಂತು, ಆಮೇಲೆ ಹೆಸರು ಮಾಯವಾಯಿತು. ತಮ್ಮ ಮೈಬಣ್ಣವೇ ಇದಕ್ಕೆ ಕಾರಣ ಎಂದು ಲೆಸ್ಲಿ ನಂಬಿದ್ದರು. ವಿವ್ ಆ್ಯಂಡರ್‌ಸನ್ ಇಂಗ್ಲೆಂಡ್ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪುವರ್ಣೀಯ ಆಟಗಾರನಾದದ್ದು 1978ರಲ್ಲಿ. ಲೆಸ್ಲಿಗೆ ಗೌರವದ ಕ್ಯಾಪ್ ಸಂದದ್ದು 2023ರಲ್ಲಿ, ತೀರಿಕೊಂಡು ದಶಕಗಳಾದ ಮೇಲೆ. ಡೀನ್ ದಾಖಲೆ ಬರೆದ ಅದೇ ಗುಡಿಸನ್ ಪಾರ್ಕಿನಲ್ಲಿ 1920ರ ಡಿಸೆಂಬರ್ 26ರಂದು ಪ್ರೆಸ್ಟನ್‌ನ ‘ಡಿಕ್, ಕೆರ್ ಲೇಡೀಸ್’ ಮಹಿಳಾ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವುದರೊಳಗೆ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರ ಆಟಕ್ಕೆ ನಿಷೇಧ ಹೇರಿತು. ಅದು ಸುಮಾರು ಐವತ್ತು ವರ್ಷ ಉಳಿಯಿತು. ಆ ತಂಡದ ಲಿಲಿ ಪಾರ್‌ರಂಥ ಆಟಗಾರ್ತಿಯನ್ನು ಯಾವ ಲೀಗ್‌ನ ಅಂಕಿಯಿಂದ ಅಳೆಯುವುದು? ‘ಆ ಕಾಲದ ಶ್ರೇಷ್ಠ’ ಎಂಬ ಪಟ್ಟ ಎಷ್ಟೋ ಸಲ ‘ಆಡಲು ಬಿಟ್ಟವರಲ್ಲಿ ಶ್ರೇಷ್ಠ’ ಎಂಬುದಷ್ಟೇ ಆಗಿರುತ್ತದೆ. ಹಳೆಯ ದಾಖಲೆಗಳನ್ನು ಗೌರವಿಸುವಾಗಲೂ ಈ ಎಚ್ಚರ ಇರಲೇಬೇಕು.

ಇಷ್ಟೆಲ್ಲ ತೂಗಿದ ಮೇಲೆ ಒಂದು ಹೆಸರು ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಪುರುಷರ ಆಟದಲ್ಲಿ ನನ್ನ ಆಯ್ಕೆ ಬಾಬಿ ಚಾರ್ಲ್‌ಟನ್. ಇಂಗ್ಲೆಂಡ್ ಪರ 106 ಪಂದ್ಯಗಳಲ್ಲಿ ಅವರ 49 ಗೋಲುಗಳ ದಾಖಲೆಯನ್ನು ವೇಯ್ನ್ ರೂನಿ 2015ರಲ್ಲಿ ದಾಟಿದರು, ರೂನಿಯವರ 53ನ್ನು ಕೇನ್ 2023ರಲ್ಲಿ ದಾಟಿದರು. ಗ್ರೀವ್ಸ್ 57 ಪಂದ್ಯಗಳಲ್ಲೇ 44 ಹೊಡೆದಿದ್ದರು. ಬರಿಯ ಗೋಲಿನ ಲೆಕ್ಕದಲ್ಲಿ ಚಾರ್ಲ್‌ಟನ್ ಹಿಂದೆ ಬೀಳುತ್ತಾರೆ ಎಂಬುದು ಸರಿ. ಆದರೆ ಉಳಿದವರ ಮುಖ್ಯ ಕೆಲಸವೇ ಗೋಲು ಹೊಡೆಯುವುದು. ಚಾರ್ಲ್‌ಟನ್ ಮೊದಲು ಎಡ ವಿಂಗ್‌ನಲ್ಲಿ ಆಡಿ, ಆಮೇಲೆ ಹಿಂದೆ ಸರಿದು ನಡುಮೈದಾನದಿಂದ ಇಡೀ ಆಟ ಕಟ್ಟಿದವರು. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಸಂಗಾತಿಗಳನ್ನು ಕಳೆದುಕೊಂಡಾಗ ಅವರಿಗಿನ್ನೂ 20. 1966ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಯುಸೇಬಿಯೊ ಇದ್ದ ಪೋರ್ಚುಗಲ್ ಎದುರು 2-1ರ ಗೆಲುವಿನ ಎರಡೂ ಗೋಲು ಅವರವು. 1968ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಬೆನ್‌ಫಿಕಾ ವಿರುದ್ಧ ಮತ್ತೆ ಎರಡು.

ಕ್ಲಬ್ಬಿನಲ್ಲಿ ಜಾರ್ಜ್ ಬೆಸ್ಟ್, ಡೆನಿಸ್ ಲಾರಂಥ ಜೊತೆಗಾರರು ಇದ್ದದ್ದರಿಂದ ಇದೆಲ್ಲ ಸಾಧ್ಯವಾಯಿತು ಎನ್ನುವವರಿದ್ದಾರೆ. ಇಂಗ್ಲೆಂಡ್ ತಂಡದಲ್ಲಿ ಆ ಇಬ್ಬರೂ ಇರಲಿಲ್ಲ. ಅವರು ಆಡಿದ್ದು ಉತ್ತರ ಐರ್ಲೆಂಡಿಗೆ ಮತ್ತು ಸ್ಕಾಟ್‌ಲೆಂಡಿಗೆ. ಆದರೂ 1966ರ ಬಾಲನ್ ಡಿ’ಓರ್ ಚಾರ್ಲ್‌ಟನ್‌ರಿಗೇ ಸಂದಿತು. ಎರಡು ಬೇರೆ ಜಾಗಗಳಲ್ಲಿ, ಗೋಲು ಧಾರಾಳವಾಗಿದ್ದ ಕಾಲದಲ್ಲೂ ಬಿಗಿಯಾದ ಕಾಲದಲ್ಲೂ, ತಮ್ಮ ಕಾಲದ ಜಗತ್ತಿನ ಅತ್ಯುತ್ತಮರ ಎದುರು ನಿಂತು ಗೆದ್ದವರು ಎಂಬುದು ನಾನು ಅವರನ್ನು ಮೊದಲು ಹೇಳಲು ಕಾರಣ. ಗೋಲು ಹೊಡೆಯುವ ಕಲೆಯೊಂದನ್ನೇ ನೋಡುವವರು ಗ್ರೀವ್ಸ್ ಅಥವಾ ಕೇನ್ ಎಂದರೆ ಅದನ್ನೂ ಗೌರವದಿಂದ ಕೇಳಬೇಕು, ಯಾವ ಅಳತೆಯಿಂದ ಹಾಗೆ ಹೇಳುತ್ತಿದ್ದೀರಿ ಎಂದು ಮಾತ್ರ ವಿಚಾರಿಸಬೇಕು. ಅಳತೆ ಸರಿಯಿದ್ದರೆ ಈ ವಾದ ಅಭಿಮಾನಿಗಳ ಕೂಗಾಟವಾಗಿ ಉಳಿಯುವುದಿಲ್ಲ. ನೂರು ವರ್ಷಗಳ ಆಟ ಹೇಗೆ ಬದಲಾಯಿತು, ಯಾರಿಗೆ ದಾರಿ ಬಿಟ್ಟಿತು, ಯಾರನ್ನು ಬಾಗಿಲಲ್ಲೇ ತಡೆಯಿತು ಎಂಬುದನ್ನು ಅರಿಯಲು ಇಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.