ಅರೆದಲೆಶೂಲೆ

ಅಂಕಲಿಯ ನಮ್ಮ ಹಳೆಯ ಮನೆಯಲ್ಲಿ ನಡುಮನೆಗೆ ಹೊಂದಿಕೊಂಡು, ಕಾಳುಕಡಿ ತುಂಬಿಡುವ ಒಂದು ಕತ್ತಲೆಯ ಕೋಣೆ ಇದ್ದಿತು. ತಿಂಗಳಿಗೆ ಎರಡು ಮೂರು ಸಲ ನಮ್ಮ ಅವ್ವ ಹಣೆಗೆ ಒದ್ದೆಯ ಬಟ್ಟೆಯನ್ನು ಬಿಗಿದುಕೊಂಡು ಆ ಕೋಣೆಯನ್ನು ಸೇರುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ವಾಂತಿಯ ಸಪ್ಪಳವನ್ನುಳಿದರೆ ಒಳಗಿನಿಂದ ಬೇರೇನೂ ಕೇಳಿಸುತ್ತಿರಲಿಲ್ಲ. ಮರುದಿನ ಅಥವಾ ಅದರ ಮರುದಿನ ನಸುಕಿನಲ್ಲಿಯೇ ಎದ್ದು, ಏನೂ ಆಗದವಳಂತೆ ಅಂಗಳ ಸಾರಿಸುತ್ತಿದ್ದಳು. ಹೀಗೆ ನೆಟ್ಟಗಾಗಿ ಏಳುತ್ತಿದ್ದುದೇ ಆಕೆಗೆ ಮುಳುವಾಯಿತು. “ಕಬ್ಬ ಕಡಿಯೂ ಸುಗ್ಗಿ ಬಂತಂದ್ರ ಈಕಿಗೆ ತಲಿಶೂಲಿ ಬರತೈತಿ ನೋಡ್ರಿ” ಎಂದು ನಮ್ಮ ಆಯಿ ನೆರೆಯ ಹೆಂಗಸರ ಮುಂದೆ ಆಡಿಕೊಳ್ಳುವಳು. ಜ್ವರವಿಲ್ಲ, ಬಾವಿಲ್ಲ, ಗಾಯವಿಲ್ಲ. ಕಣ್ಣಿಗೆ ಕಾಣದ ಬೇನೆಗೆ ಸಾಕ್ಷಿ ಯಾರು? ಶಾಲೆಯ ಹುಡುಗನಾಗಿದ್ದ ನಾನೂ ಅದನ್ನು ನೆಪವೆಂದೇ ನಂಬಿದ್ದೆ.

ಆಯಿಯ ಬಳಿ ಇನ್ನೊಂದು ದೂರೂ ಇದ್ದಿತು. ಕೃಷ್ಣೆಯ ದಂಡೆಯ ಈ ಕರಿಯ ನೆಲ ಕಬ್ಬಿಗೆ ಹೇಳಿ ಮಾಡಿಸಿದ್ದು. ಬೆಲ್ಲಕ್ಕೆ ಮನೆಯಲ್ಲಿ ಎಂದೂ ಬರವಿರಲಿಲ್ಲ. ಶೂಲೆ ಏಳುವ ಹಿಂದಿನ ದಿನ ಅವ್ವ ಪೆಂಟೆಯಿಂದ ಬೆಲ್ಲವನ್ನು ಮುರಿಮುರಿದು ತಿನ್ನುತ್ತಿದ್ದಳು. ಅಂದು ಆಕೆಗೆ ಆಕಳಿಕೆಯ ಮೇಲೆ ಆಕಳಿಕೆ, ಮಾತಿನಲ್ಲಿ ಸಿಡುಕು. ಬೆಲ್ಲ ತಿಂದು ಪಿತ್ತ ಕೆರಳಿಸಿಕೊಂಡಳು, ಅದಕ್ಕೇ ತಲೆ ಹಿಡಿಯಿತು ಎಂದು ಆಯಿಯ ತೀರ್ಮಾನ. ಪೆಂಟೆಗಳು ಬೀಗದೊಳಗೆ ಸೇರಿದವು. ಶೂಲೆ ಮಾತ್ರ ತಪ್ಪಲಿಲ್ಲ.

ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದುದು ಇದಕ್ಕೆ ತೀರ ವಿರುದ್ಧವಾಗಿದೆ. ಬೆಲ್ಲದಿಂದ ಶೂಲೆ ಬಂದುದಲ್ಲ. ಶೂಲೆ ಆಗಲೇ ಹೊರಟಿದ್ದುದರಿಂದ ಬೆಲ್ಲ ಬೇಕೆನ್ನಿಸಿತ್ತು. ಹಸಿವು, ನೀರಡಿಕೆ, ನಿದ್ರೆಗಳನ್ನು ನಡೆಸುವ ಹೈಪೊಥಲಾಮಸ್ ಎಂಬ ಭಾಗವೊಂದು ಮಿದುಳಿನ ಬುಡದಲ್ಲಿದೆ. ನೋವು ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಮುಂಚೆಯೇ ಅದರ ನಡೆ ಬದಲಾಗುತ್ತದೆ. ಆಕಳಿಕೆ, ಸಿಡುಕು, ಕುತ್ತಿಗೆಯ ಬಿಗಿತ, ಸಿಹಿಯ ಚಪಲ ಇವೆಲ್ಲ ರೋಗದ ಕಾರಣಗಳಲ್ಲ, ರೋಗದ ಮೊದಲ ಹೆಜ್ಜೆಗಳು. ನಮ್ಮ ಮನೆಯಲ್ಲಿ ದೂತನನ್ನೇ ಅಪರಾಧಿಯೆಂದು ಹಿಡಿದು ಕಟ್ಟಿದ್ದರು.

ಅವ್ವ ತೀರಿಕೊಂಡಾಗ ನನಗೆ 15 ವರ್ಷ. 19ನೆಯ ವಯಸ್ಸಿನಲ್ಲಿ, ಚಿಕ್ಕೋಡಿಯಲ್ಲಿ ಪರೀಕ್ಷೆಗೆ ಕುಳಿತಿದ್ದಾಗ, ಪ್ರಶ್ನಪತ್ರಿಕೆಯ ನಡುವಿನ ಅಕ್ಷರಗಳು ಇದ್ದಕ್ಕಿದ್ದಂತೆ ಮಾಯವಾದವು. ಮಾಯವಾದ ಸ್ಥಳದ ಅಂಚಿನಲ್ಲಿ ಕೋಟೆಯ ತೆನೆಗಳಂತೆ ಅಂಕುಡೊಂಕಾದ ಬೆಳಕಿನ ಗೆರೆಯೊಂದು ಮಿನುಗುತ್ತ ಹಿಗ್ಗತೊಡಗಿತು. ಅರ್ಧ ಗಂಟೆಯಲ್ಲಿ ಅದು ಅಳಿಯಿತು. ಅಳಿದ ಮೇಲೆ ಎಡಗಡೆಯ ತಲೆಯಲ್ಲಿ ಒನಕೆಯ ಪೆಟ್ಟು ಆರಂಭವಾಯಿತು. ಊರಿಗೆ ಮರಳಿ ಅದೇ ಕತ್ತಲೆಯ ಕೋಣೆಯಲ್ಲಿ ಬಿದ್ದುಕೊಂಡೆ. ಹೊರಗೆ ಯಾರೋ ಕೊಡವನ್ನು ಕೆಳಗಿಟ್ಟ ಸದ್ದು ಮೊಳೆಯಂತೆ ನೆಟ್ಟಿತು. ಅವ್ವನ ಕ್ಷಮೆಯನ್ನು ಕೇಳಬೇಕೆಂದು ಅನ್ನಿಸಿತು. ಕೇಳಲು ಆಕೆ ಇರಲಿಲ್ಲ.

ಆ ಬೆಳಕಿನ ಕೋಟೆಯ ಕಥೆ ಸ್ವಾರಸ್ಯವಾದುದು. ಕಾರ್ಲ್ ಲ್ಯಾಶ್ಲಿ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞನಿಗೂ ಇದೇ ಬಾಧೆ. ಆತ ತನ್ನ ಕಣ್ಣ ಮುಂದಿನ ಗೆರೆ ಹಿಗ್ಗುವ ಬಗೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತ ಹೋದ. ಮಿದುಳಿನ ಮೇಲ್ಪದರದಲ್ಲಿ ಏನೋ ಒಂದು ಕ್ಷೋಭೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಹರಿದುಹೋಗುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲಿನ ಲಿಯಾವೊ ಎಂಬಾತ ಮೊಲಗಳ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯನ್ನು ಕಂಡ. ರೋಗಿಗಳೆಲ್ಲರಿಗೂ ಈ ಬೆಳಕು ಕಾಣುವುದಿಲ್ಲ. ಹೆಚ್ಚಿನವರಿಗೆ ನೇರವಾಗಿ ನೋವೇ ಬರುತ್ತದೆ.

ನೋವಿನ ಮೂಲವು ರಕ್ತನಾಳಗಳು ಹಿಗ್ಗುವುದರಲ್ಲಿದೆ ಎಂಬ ಹೆರಾಲ್ಡ್ ವುಲ್ಫನ ಮತ ಬಹುಕಾಲ ನಡೆಯಿತು. ಈಗಿನ ತಿಳಿವಳಿಕೆಯಂತೆ ಮುಖ್ಯಪಾತ್ರ ನರದ್ದು. ಮಿದುಳಿಗೆ ತನ್ನದೇ ನೋವು ತಿಳಿಯದು. ಅದರ ಹೊದಿಕೆಗೆ ತಿಳಿಯುತ್ತದೆ. ಆ ಹೊದಿಕೆಗೂ ಮುಖಕ್ಕೂ ಹಬ್ಬಿದ ಟ್ರೈಜೆಮಿನಲ್ ಎಂಬ ಮೂರು ಕವಲಿನ ನರ ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ದ್ರವ್ಯವನ್ನು ಸೂಸುತ್ತದೆ. ನಾಳಗಳು ಹಿಗ್ಗುವುದೂ, ನೋವಿನ ಸುದ್ದಿ ಮೇಲಕ್ಕೆ ಹೋಗುವುದೂ ಅದರ ಪ್ರಭಾವದಿಂದ. ಇದನ್ನು ಬಿಡಿಸಿ ತೋರಿಸಿದ ನಾಲ್ವರಿಗೆ 2021ರಲ್ಲಿ ಬ್ರೇನ್ ಪ್ರೈಜ್ ಸಂದಿತು. ಈ ದ್ರವ್ಯವನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಂದಿವೆ. ಬೆಲೆ ನಮ್ಮಂಥವರ ಕೈಗೆಟುಕುವಂಥದಲ್ಲ.

ಹೆಸರುಗಳನ್ನು ನೋಡಿದರೆ ರೋಗ ಎಷ್ಟು ಹಳೆಯದೆಂದು ತಿಳಿಯುತ್ತದೆ. ಸುಶ್ರುತ ಸಂಹಿತೆ ಹೇಳುವ 11 ಶಿರೋರೋಗಗಳಲ್ಲಿ ಅರ್ಧಾವಭೇದಕವೂ ಒಂದು. ಗಡಿನಾಡಿನ ನಮ್ಮ ಮರಾಠಿ ನೆರೆಯವರು ಅರ್ಧಶಿಶಿ ಎನ್ನುತ್ತಾರೆ. ಮೈಗ್ರೇನ್ ಎಂಬುದೂ ‘ಅರೆತಲೆ’ ಎಂಬರ್ಥದ ಗ್ರೀಕ್ ಮಾತಿನಿಂದಲೇ ಸವೆದು ಬಂದದ್ದು.

ಎಷ್ಟು ಜನರಿಗೆ ಈ ಬಾಧೆ? ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2009–10ರಲ್ಲಿ ಆ ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದರು. ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25.2, ಹೆಂಗಸರಲ್ಲಿ ಹೆಚ್ಚು, ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ ಹೆಚ್ಚು. ಇದು ಓದಿ ಕೆಟ್ಟವರ, ಪೇಟೆಯವರ ರೋಗವೆಂದು ತಿಳಿದವರಿಗೆ ಈ ಲೆಕ್ಕ ಉತ್ತರ ಹೇಳುತ್ತದೆ.

ನನಗೆ ಮೊದಲು ದಾರಿ ತೋರಿದವರು ಮಿರಜಿನ ಒಬ್ಬ ವೃದ್ಧ ವೈದ್ಯರು. 1894ರಲ್ಲಿ ವಾನ್ಲೆಸ್ ಎಂಬ ಮಿಶನ್ ವೈದ್ಯರು ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ನಮ್ಮ ಭಾಗದವರಿಗೆ ಔಷಧವೆಂದರೆ ಮಿರಜು. ಆ ವೃದ್ಧರು ಗೋಡೆಯ ಕ್ಯಾಲೆಂಡರೊಂದನ್ನು ಕೈಗಿತ್ತು, “ತಲೆ ನೊಂದ ದಿನಕ್ಕೆ ಒಂದು ಗೆರೆ, ನುಂಗಿದ ಗುಳಿಗೆಗೊಂದು ಸೊನ್ನೆ ಹಾಕಿರಿ, ಮೂರು ತಿಂಗಳಾದ ಮೇಲೆ ಬನ್ನಿರಿ” ಎಂದರು. ಗೆರೆಗಳಿಗಿಂತ ಸೊನ್ನೆಗಳು ಕಲಿಸಿದ ಪಾಠವೇ ದೊಡ್ಡದು. ಕಿರಾಣಿ ಅಂಗಡಿಯ ಗುಳಿಗೆಯನ್ನು ತಿಂಗಳಲ್ಲಿ 15 ದಿನ, ಎರಡು ಮೂರು ಮದ್ದು ಬೆರೆಸಿದ್ದಾದರೆ 10 ದಿನ, ತಿಂಗಳುಗಟ್ಟಲೆ ನುಂಗುತ್ತ ಬಂದರೆ ಗುಳಿಗೆಯೇ ತಲೆನೋವನ್ನು ಹುಟ್ಟಿಸುತ್ತದೆ. ನಾನು ಆ ಗಡಿಯನ್ನು ದಾಟಿದ್ದೆ. ಇನ್ನೊಂದು ಮಾತು: ನೋವು ಬಲಿತಾಗ ಹೊಟ್ಟೆಯ ಚಲನೆ ಮಂದವಾಗುವುದರಿಂದ ತಡವಾಗಿ ನುಂಗಿದ ಗುಳಿಗೆ ರಕ್ತಕ್ಕೆ ಸೇರದೆ ವಾಂತಿಯಾಗಿ ಹೋಗುತ್ತದೆ. ತಾಳಿ ತಾಳಿ ಕೊನೆಗೆ ನುಂಗುವ ನಮ್ಮ ಹೆಂಗಸರ ಸಹನೆ ಇಲ್ಲಿ ಕೆಲಸಕ್ಕೆ ಬಾರದು.

ಗೆರೆಗಳು ಹೇಳಿದ್ದು ಇಷ್ಟು: ಸೋಮವಾರದ ಉಪವಾಸ, ನೆತ್ತಿಯ ಬಿಸಿಲು, ನಿದ್ದೆಗೆಟ್ಟ ಜಾತ್ರೆಯ ಮರುದಿನ. ಒಂದೊಂದೇ ಬಂದರೆ ತಡೆದೀತು. ಎರಡು ಕೂಡಿದರೆ ಶೂಲೆ ಖಚಿತ. ಕೆಲವರಿಗೆ ತಲೆಸ್ನಾನವೂ ಆಗದು, ಮುಂಬಯಿಯ ಡಾ. ರವಿಶಂಕರರು 1,500 ರೋಗಿಗಳಲ್ಲಿ 94 ಜನರಿಗೆ ಹೀಗಾಗುವುದನ್ನು 2006ರಲ್ಲಿ ದಾಖಲಿಸಿದರು. ಹೊತ್ತಿಗೆ ಸರಿಯಾಗಿ ಊಟ, ನೀರು, ಒಂದೇ ಹೊತ್ತಿನ ನಿದ್ರೆ. ಈ ಮಿದುಳು ಸಂಪ್ರದಾಯಸ್ಥ, ಬದಲಾವಣೆಯನ್ನು ಸಹಿಸದು. ಇಷ್ಟಾದರೂ ತಿಂಗಳಿಗೆ ನಾಲ್ಕಾರು ದಿನ ನೋವು ತಪ್ಪದವರಿಗೆ ದಿನವೂ ಸೇವಿಸುವ ತಡೆಮದ್ದುಗಳುಂಟು. ಅವುಗಳಲ್ಲೊಂದಾದ ಪ್ರೊಪ್ರನೊಲಾಲಿನ ಈ ಗುಣ 1966ರಲ್ಲಿ ಎದೆನೋವಿನ ರೋಗಿಯೊಬ್ಬನಿಗೆ ಅದನ್ನು ಕೊಟ್ಟಾಗ ಆಕಸ್ಮಿಕವಾಗಿ ಹೊರಬಿತ್ತು. ಉಬ್ಬಸವಿದ್ದವರಿಗೆ ಅದು ಸಲ್ಲದು. ಆದ್ದರಿಂದ ವೈದ್ಯರನ್ನು ಕೇಳದೆ ಕೊಳ್ಳಬಾರದು. ಫಲ ಕಾಣಲು ಆರೆಂಟು ವಾರ ಬೇಕು. ಸಿಡಿಲಿನಂತೆ ಒಮ್ಮೆಲೆ ಎರಗಿದ ನೋವು, ಜ್ವರದೊಡನೆ ಕುತ್ತಿಗೆ ಸೆಟೆಯುವುದು, ಕೈಕಾಲು ಬಿದ್ದುಹೋಗುವುದು, 50 ದಾಟಿದ ಮೇಲೆ ಹೊಸದಾಗಿ ಹತ್ತಿದ ತಲೆನೋವು: ಇವು ಮಾತ್ರ ಬೇರೆಯ ಜಾತಿ. ಕ್ಯಾಲೆಂಡರು ಬಿಟ್ಟು ಆಸ್ಪತ್ರೆಗೆ ಓಡಬೇಕು.

ಕಳೆದ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಓಢಣಿಯಿಂದ ಕಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ತಲೆಯಿಟ್ಟಳು. “ಪರೀಕ್ಷಾ ಹತ್ರ ಬಂತಂದ್ರ ಇವಕ್ಕ ತಲಿಶೂಲಿ” ಎಂದು ಬಾಗಿಲಲ್ಲಿ ನಿಂತಿದ್ದ ಸಹೋದ್ಯೋಗಿಯೊಬ್ಬರು ನಕ್ಕರು. ನಮ್ಮ ಆಯಿಯ ದನಿಯೇ ಕಿವಿಗೆ ಬಿದ್ದಂತಾಯಿತು. ಮರುದಿನ ಆಕೆಯ ತಾಯಿಯನ್ನು ಕರೆಯಿಸಿ, ಕ್ಯಾಲೆಂಡರಿನ ವಿಷಯವನ್ನೆಲ್ಲ ತಿಳಿಸಿದೆ. ಆ ತಾಯಿ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತ, ಬಹಳ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದಳು: “ಸರ, ಅಂಥಾದು ಇನ್ನೊಂದ ಸಿಗತೈತೇನ್ರಿ?”