ಸಹಪ್ರಯಾಣದ ಗಣಿತ

ನಾಲ್ವರು ಕುಳಿತುಕೊಳ್ಳಬಹುದಾದ ವಾಹನವೊಂದು ಒಬ್ಬನನ್ನೇ ಹೊತ್ತು ಸಾಗುವುದು ಮಹಾನಗರಗಳ ಬೀದಿಗಳಲ್ಲಿ ನಿತ್ಯದ ನೋಟ. ಮೂರು ಆಸನಗಳು ಬರಿದಾಗಿದ್ದರೂ ಇಂಧನವು ವ್ಯಯವಾಗುತ್ತದೆ, ಹಾದಿಯು ಕಿಕ್ಕಿರಿಯುತ್ತದೆ. ಒಂದೇ ದಿಕ್ಕಿಗೆ ಹೊರಟವರನ್ನು ಒಂದೇ ವಾಹನದಲ್ಲಿ ಕೂಡಿಸಬೇಕೆಂಬುದು ಯಾರಿಗಾದರೂ ಹೊಳೆಯುವ ಮಾತು. ಆದರೆ ಯಾರನ್ನು ಯಾರೊಡನೆ ಕೂಡಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ.

ಪಾವೊಲೊ ಸಾಂಟಿ ಮತ್ತು ಅವರ ಸಹಸಂಶೋಧಕರು ನ್ಯೂಯಾರ್ಕ್ ನಗರದಲ್ಲಿ 2011ನೆಯ ವರ್ಷ ನಡೆದ 15 ಕೋಟಿಗೂ ಮೀರಿದ ಟ್ಯಾಕ್ಸಿ ಪಯಣಗಳ ದಾಖಲೆಗಳನ್ನು ಪರಿಶೀಲಿಸಿ, 2014ರಲ್ಲಿ ಇದಕ್ಕೊಂದು ಉತ್ತರವನ್ನು ಪ್ರಕಟಿಸಿದರು. ಪ್ರತಿಯೊಂದು ಪಯಣವನ್ನೂ ಒಂದು ಚುಕ್ಕೆಯೆಂದು ಭಾವಿಸಬೇಕು. ಯಾರಿಗೂ ಅತಿ ವಿಳಂಬವಾಗದಂತೆ ಎರಡು ಪಯಣಗಳನ್ನು ಕೂಡಿಸಲು ಸಾಧ್ಯವಾದರೆ ಆ ಎರಡು ಚುಕ್ಕೆಗಳ ನಡುವೆ ಗೆರೆಯೆಳೆಯಬೇಕು. ಬಳಿಕ, ಯಾವ ಚುಕ್ಕೆಗೂ ಒಂದಕ್ಕಿಂತ ಹೆಚ್ಚು ಗೆರೆ ಉಳಿಯದಂತೆ ಗೆರೆಗಳನ್ನು ಆರಿಸಿಕೊಳ್ಳಬೇಕು.

ಈ ಆಯ್ಕೆಯಲ್ಲಿಯೇ ಮರ್ಮವಿರುವುದು. ಕ, ಖ, ಗ, ಘ ಎಂಬ ನಾಲ್ವರಲ್ಲಿ ಕ–ಖ, ಖ–ಗ, ಗ–ಘ ಜೋಡಿಗಳು ಮಾತ್ರ ಕೂಡಬಲ್ಲವು ಎನ್ನೋಣ. ಖ ಮತ್ತು ಗ ತೀರ ಸಮೀಪದವರೆಂದು ಅವರನ್ನೇ ಮೊದಲು ಕೂಡಿಸಿದರೆ ಉಳಿದಿಬ್ಬರೂ ಒಂಟಿಯಾಗುವರು. ಮೂರು ವಾಹನಗಳು ಬೇಕಾಗುವುವು. ಕ–ಖ, ಗ–ಘ ಎಂದು ಕೂಡಿಸಿದರೆ ಎರಡೇ ಸಾಕು. ಸಮೂಹವನ್ನು ಸಮಗ್ರವಾಗಿ ನೋಡಿದಾಗಲೇ ಉಳಿತಾಯವು ಪೂರ್ಣವಾಗುವುದು. ಪಯಣಿಗರು ಕೆಲವೇ ನಿಮಿಷಗಳ ವಿಳಂಬವನ್ನು ಸಹಿಸಿದರೆ ಟ್ಯಾಕ್ಸಿಗಳು ಓಡುವ ಒಟ್ಟು ದೂರವು ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ತಗ್ಗಬಹುದೆಂದು ಆ ಅಧ್ಯಯನವು ತಿಳಿಸಿತು.

2017ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೂ ಮುಂದುವರಿದು, ಕೋರಿಕೆಗಳು ಬಂದಂತೆಲ್ಲ ಜೋಡಣೆಯನ್ನು ತಿದ್ದುತ್ತ ಹೋಗುವ ಕ್ರಮವನ್ನು ರೂಪಿಸಿದರು. ಅದೇ ನಗರದಲ್ಲಿ 13,000ಕ್ಕೂ ಹೆಚ್ಚು ಟ್ಯಾಕ್ಸಿಗಳು ನಿರ್ವಹಿಸುತ್ತಿದ್ದ ಪಯಣಗಳಲ್ಲಿ ಶೇಕಡಾ 98ರಷ್ಟನ್ನು, ನಾಲ್ವರು ಪಯಣಿಗರು ಹಿಡಿಯುವ 3,000 ವಾಹನಗಳೇ ಪೂರೈಸಬಲ್ಲವೆಂದು ತೋರಿಸಿದರು. ಸರಾಸರಿ ಕಾಯುವಿಕೆ 2.7 ನಿಮಿಷ ಮಾತ್ರ.

ಆದರೆ ಇವು ಗಣಕಯಂತ್ರವು ಕಂಡ ಲೆಕ್ಕಗಳೆಂಬುದನ್ನು ಮರೆಯಲಾಗದು. ಅಪರಿಚಿತರೊಡನೆ ಕುಳಿತುಕೊಳ್ಳಲು ಎಲ್ಲರೂ ಒಪ್ಪುವರೆಂದು ಅವು ಊಹಿಸಿಕೊಂಡಿವೆ. ಮೇಲಾಗಿ, ಅಲ್ಲಿ ಎಣಿಸಿದ್ದು ಟ್ಯಾಕ್ಸಿಯ ಪಯಣಗಳನ್ನಷ್ಟೆ. ಸ್ವಂತ ಕಾರನ್ನು ಬಿಟ್ಟವನು ಬಂದು ಸೇರಿದರೆ ಬೀದಿಯಲ್ಲಿ ಒಂದು ಕಾರು ಕಡಿಮೆಯಾಗುತ್ತದೆ. ಬಸ್ಸನ್ನೋ ನೆಲದಡಿಯ ರೈಲನ್ನೋ ಬಿಟ್ಟವರು ಬಂದು ಸೇರಿದರೆ ವಾಹನಗಳು ಹೆಚ್ಚುತ್ತವೆ. ಆದುದರಿಂದ ಸಹಪ್ರಯಾಣವು ಬಸ್ಸಿಗೆ ಪೂರಕವಾಗಿ ನಿಂತಾಗ ನಗರಕ್ಕೆ ಹಿತ, ಬಸ್ಸಿನ ಸ್ಥಾನವನ್ನೇ ಕಸಿದುಕೊಂಡಾಗ ಹೊರೆ. ಗಣಿತವು ಜೋಡಿಯನ್ನು ಹುಡುಕಿಕೊಟ್ಟೀತು. ಪಕ್ಕದ ಆಸನವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ಮನಸ್ಸನ್ನು ಮಾತ್ರ ಜನರೇ ತರಬೇಕು.